ಮೂಲೆ ಎದ್ದ ಪ್ಲೇಟು: ವಸಂತನರಸಾಪುರದ ಒಂದು ಪ್ರಕರಣ

ಪ್ಲೇಟನ್ನು ಗ್ರಾನೈಟ್ ಮೇಜಿನ ಮೇಲೆ ಇಟ್ಟಾಗ ಮೂರು ಮೂಲೆ ಕೂತವು. ನಾಲ್ಕನೆಯದು ಕೂರಲಿಲ್ಲ. ಬೆರಳಲ್ಲಿ ಅದನ್ನು ಒತ್ತಿದರೆ ಎದುರು ಮೂಲೆ ಟಕ್ ಅಂತ ಏಳುತ್ತಿತ್ತು. ಒಂದು ಕಾಲು ಗಿಡ್ಡವಾದ ಮಂಚದ ಹಾಗೆ. ಹೈಟ್ ಗೇಜ್ ಹಿಡಿದೆ. 9 ಮಿ.ಮೀ. ಡ್ರಾಯಿಂಗಿನಲ್ಲಿ ಬಿಟ್ಟಿದ್ದು ಅರ್ಧ ಮಿ.ಮೀ. ಮಾತ್ರ.

ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ಸಿಗುವ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ. ಕಾರ್ಬನ್ ಫೈಬರ್ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿ (ಇದಕ್ಕೆ ಲೇಅಪ್ ಅನ್ನುತ್ತೇವೆ), ಓವನ್‌ನಲ್ಲಿ ಬೇಯಿಸಿ, ಪ್ಲೇಟು, ಪ್ಯಾನೆಲ್ಲು ಮಾಡಿಕೊಡುತ್ತೇವೆ. ಕ್ವಾಲಿಟಿ ನೋಡಿಕೊಳ್ಳುವುದು ನಾನು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಾಗಿನಿಂದ, ಕಾರ್ಬನ್ ಫೈಬರ್ ಅಂದ ಕೂಡಲೇ ಊರಲ್ಲಿ ಎಲ್ಲರೂ "ನಿಮ್ಮದೂ ಹೆಲಿಕಾಪ್ಟರ್ ಕೆಲಸಾನಾ?" ಅಂತ ಕೇಳುತ್ತಾರೆ. ಅಲ್ಲ. ಈ ಪ್ಲೇಟುಗಳು ಹೋಗುತ್ತಿದ್ದದ್ದು ಯಂತ್ರ ತಯಾರಿಸುವ ಒಬ್ಬ ಗ್ರಾಹಕರಿಗೆ. ಅವರ ಯಂತ್ರದಲ್ಲಿ ಆ ಕಡೆ ಈ ಕಡೆ ಜೋರಾಗಿ ಓಡುವ ಒಂದು ಅಲ್ಯೂಮಿನಿಯಂ ಫ್ರೇಮ್ ಇದೆ. ಅದು ತಿರುಚಿಕೊಳ್ಳದ ಹಾಗೆ ಹಿಡಿಯುವುದಕ್ಕೆ ನಮ್ಮ ಪ್ಲೇಟನ್ನು ಮೇಲೆ ಅಂಟಿಸುತ್ತಾರೆ.

ಪ್ಲೇಟು 400 ಮಿ.ಮೀ. ಉದ್ದ, 300 ಅಗಲ, 1.6 ದಪ್ಪ. ಒಳಗೆ 8 ಪದರ, ಒಂದೊಂದು 0.2 ಮಿ.ಮೀ. ಪ್ರತಿ ಪದರದಲ್ಲೂ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅಚ್ಚಿನ ಕಡೆಯಿಂದ ಎಣಿಸಿದರೆ, ಪ್ಲೇಟಿನ ಉದ್ದಕ್ಕೆ ಎಷ್ಟು ಡಿಗ್ರಿ ಓರೆ ಅನ್ನುವ ಲೆಕ್ಕದಲ್ಲಿ, ದಿಕ್ಕುಗಳು ಹೀಗೆ: ಪ್ಲಸ್ 45, ಸೊನ್ನೆ, ಮೈನಸ್ 45, 90. ಆಮೇಲೆ ಅದೇ ತಿರುಗಾಮುರುಗಾ: 90, ಮೈನಸ್ 45, ಸೊನ್ನೆ, ಪ್ಲಸ್ 45. ಮೇಲಿನ ಅರ್ಧ ಕೆಳಗಿನ ಅರ್ಧಕ್ಕೆ ಕನ್ನಡಿ ಹಿಡಿದ ಹಾಗೆ ಇರಬೇಕು. ಅದು ಯಾಕೆ ಅಂದರೆ, ಕಾರ್ಬನ್ ಎಳೆ ಉದ್ದಕ್ಕೆ ಬಿಸಿಯಾದರೂ ಹಿಗ್ಗುವುದಿಲ್ಲ ಅನ್ನಬಹುದು, ಅಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಎಳೆಗಳನ್ನು ಹಿಡಿದಿಟ್ಟಿರುವ ರೆಸಿನ್ ಅನ್ನುವ ಅಂಟು ಹಿಗ್ಗುತ್ತದೆ, ಕುಗ್ಗುತ್ತದೆ. 120 ಡಿಗ್ರಿಯಲ್ಲಿ ಗಟ್ಟಿಯಾದ ಪ್ಲೇಟು ತಣ್ಣಗಾಗುವಾಗ ಪ್ರತಿ ಪದರವೂ ತನ್ನ ದಿಕ್ಕಿಗೆ ಎಳೆದಾಡುತ್ತದೆ. ಎರಡೂ ಕಡೆ ಸಮವಾಗಿ ಎಳೆದರೆ ಪ್ಲೇಟು ಚಪ್ಪಟೆ. ಒಂದು ಕಡೆ ಲೆಕ್ಕ ತಪ್ಪಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಆ ಬ್ಯಾಚಿನಲ್ಲಿ 40 ಪ್ಲೇಟು. 22 ಗ್ರಾಹಕರ ಹತ್ತಿರ ಹೋಗಿ ಫ್ರೇಮಿಗೆ ಅಂಟಿಯೂ ಆಗಿತ್ತು. ಉಳಿದ 18 ನಮ್ಮ ರ‍್ಯಾಕಿನಲ್ಲಿದ್ದವು. ಅದರಲ್ಲಿ 5 ತಿರುಚಿಕೊಂಡಿದ್ದವು. ಐದೂ ಒಂದೇ ದಿಕ್ಕಿಗೆ.

ಮೊದಲು ಓವನ್ ಮೇಲೆ ಅನುಮಾನ. ಬಿಸಿ ಅಳೆಯುವ ಥರ್ಮೋಕಪಲ್ ದಾಖಲೆ ತೆಗೆದೆವು, ಸರಿಯಿತ್ತು. ತಣಿಸುವಾಗ ಕರೆಂಟ್ ಹೋಗಿತ್ತಾ? ಹೋಗಿತ್ತು. ಆದರೆ ಆ ದಿನ ಬೆಂದ ಪ್ಲೇಟುಗಳಲ್ಲಿ ಚಪ್ಪಟೆಯಾದವೂ ಇದ್ದವು. ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಇಡಬೇಕಾದ ಪ್ರಿಪ್ರೆಗ್, ಅಂದರೆ ಮೊದಲೇ ರೆಸಿನ್ ಹೀರಿಸಿಟ್ಟ ಕಾರ್ಬನ್ ಹಾಳೆ, ಜಾಸ್ತಿ ಹೊತ್ತು ಹೊರಗೆ ಉಳಿಯಿತಾ? ಕಾರ್ಡ್ ಪ್ರಕಾರ ಇಲ್ಲ. ಒಬ್ಬ ಎನ್‌ಡಿಟಿ (ವಸ್ತುವನ್ನು ಒಡೆಯದೆ ಒಳಗೆ ಪರೀಕ್ಷಿಸುವ) ಸೇವೆಯವರನ್ನು ಕರೆಸಿ ಅಲ್ಟ್ರಾಸೌಂಡ್ ಮಾಡಿಸಿದೆವು. ಪದರ ಬಿಟ್ಟಿಲ್ಲ, ಗಾಳಿಗುಳ್ಳೆ ಇಲ್ಲ, ಐದೂ ಪಾಸ್. ಅವರ ವರದಿಯಲ್ಲಿ ತಪ್ಪೇನೂ ಇಲ್ಲ. ಅಲ್ಟ್ರಾಸೌಂಡ್ ನೋಡುವುದು ಒಳಗೆ ಬಿರುಕು ಇದೆಯಾ, ಬಿಟ್ಟುಕೊಂಡಿದೆಯಾ ಅಂತ. ಚೆನ್ನಾಗಿ ಅಂಟಿಕೊಂಡ ಪದರ ಯಾವ ದಿಕ್ಕಿಗೆ ಮಲಗಿದೆ ಅನ್ನುವುದು ಮಾಮೂಲಿ ಪರೀಕ್ಷೆಯಲ್ಲಿ ಅದಕ್ಕೆ ಬೇಡದ ವಿಷಯ. ಎಕ್ಸ್‌ರೇ ಕೂಡ ಹಾಗೇ. ಕಾರ್ಬನ್, ರೆಸಿನ್ ಎರಡೂ ಕಿರಣವನ್ನು ಹತ್ತಿರ ಹತ್ತಿರ ಒಂದೇ ರೀತಿ ಬಿಡುವುದರಿಂದ ಚಿತ್ರ ಬರೀ ಬೂದು.

ಕತ್ತರಿಸಿ ನೋಡಿದರೂ ಕಾಣಲಿಲ್ಲ

ಹೋಗಲಿ ಒಂದನ್ನು ಕತ್ತರಿಸಿಯೇ ಬಿಡೋಣ ಅಂದುಕೊಂಡೆವು. ಉದ್ದಕ್ಕೆ ನೇರವಾಗಿ ಒಂದು ಚೂರು ಕತ್ತರಿಸಿ, ರೆಸಿನ್ನಿನಲ್ಲಿ ಕೂರಿಸಿ, 400, 800, 1200ರ ಎಮರಿ ಕಾಗದದಲ್ಲಿ ತಿಕ್ಕಿ, ಪರಿಚಯದ ಒಂದು ಕಾಲೇಜಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಒಂದೊಂದು ಪದರದಲ್ಲೂ ದಪ್ಪಕ್ಕೆ 25-30 ಎಳೆ. 90ರ ಪದರದಲ್ಲಿ ಎಳೆಗಳು ನಮ್ಮ ಕಡೆಗೇ ಮುಖ ಮಾಡಿರುವುದರಿಂದ ಸಾಸಿವೆ ಕಾಳು ಚೆಲ್ಲಿದ ಹಾಗೆ ದುಂಡು ಚುಕ್ಕೆಗಳು. ಸೊನ್ನೆಯ ಪದರದಲ್ಲಿ ಉದ್ದ ಗೆರೆಗಳು. 45ರ ಪದರದಲ್ಲಿ ಮೊಟ್ಟೆಯಾಕಾರ, 7 ಮೈಕ್ರಾನ್ ಅಗಲ, ಸುಮಾರು 10 ಮೈಕ್ರಾನ್ ಉದ್ದ.

ಎಂಟೂ ಪದರ ಎಣಿಸಿದೆ. ಮೊಟ್ಟೆ, ಗೆರೆ, ಮೊಟ್ಟೆ, ಚುಕ್ಕೆ, ಚುಕ್ಕೆ, ಮೊಟ್ಟೆ, ಗೆರೆ, ಮೊಟ್ಟೆ. ಡ್ರಾಯಿಂಗಿನಲ್ಲಿ ಇದ್ದ ಹಾಗೇ. ವಾಪಸ್ ಬಂದು "ಲೇಅಪ್ ಸರಿಯಿದೆ" ಅಂತ ಬರೆದುಬಿಟ್ಟೆ.

ಎರಡು ದಿನ ಆ ಮಾತು ಫೈಲಿನಲ್ಲಿ ಇತ್ತು. ಮೂರನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು. ಸೌತೆಕಾಯಿಯನ್ನು ಎಡಕ್ಕೆ ಓರೆಯಾಗಿ ಹೆಚ್ಚಿದರೂ ಬಿಲ್ಲೆ ಮೊಟ್ಟೆಯಾಕಾರ, ಬಲಕ್ಕೆ ಓರೆಯಾಗಿ ಹೆಚ್ಚಿದರೂ ಮೊಟ್ಟೆಯಾಕಾರ! ಪ್ಲಸ್ 45, ಮೈನಸ್ 45 ಎರಡೂ ನೇರ ಕಡಿತದಲ್ಲಿ ಒಂದೇ ಥರ ಕಾಣುತ್ತವೆ. ನೋಡಬೇಕಾದ ಒಂದೇ ವಿಷಯವನ್ನು ನಾನು ಕಡಿದ ಕಡಿತ ಮುಚ್ಚಿಟ್ಟಿತ್ತು.

ಈ ಸಲ ಮೂಲೆಯ ಕಡೆಗೆ, 45 ಡಿಗ್ರಿಗೆ ಕತ್ತರಿಸಿದೆವು. ಹಾಗೆ ಕತ್ತರಿಸಿದರೆ ಒಂದು 45 ಗೆರೆಯಾಗಿ ಕಾಣುತ್ತದೆ, ಇನ್ನೊಂದು ಚುಕ್ಕೆಯಾಗಿ. ಮೊದಲ ಪದರ ಗೆರೆ. ಮೂರನೆಯದು ಚುಕ್ಕೆ ಆಗಬೇಕಿತ್ತು. ಗೆರೆ ಇತ್ತು. ಆರನೆಯದು ಚುಕ್ಕೆ, ಸರಿ. ಎಂಟನೆಯದು ಗೆರೆ, ಸರಿ. ಅಂದರೆ ಮೂರನೇ ಪದರ ಮೈನಸ್ 45 ಬದಲು ಪ್ಲಸ್ 45 ಆಗಿ ಕೂತಿತ್ತು.

ನಿಜವಾದ ತಲೆನೋವು: ಅಂಟಿಹೋದ 22

ರೋಗ ಗೊತ್ತಾಯಿತು. ನಮ್ಮ ರ‍್ಯಾಕಿನಲ್ಲಿರುವ ಪ್ಲೇಟುಗಳಲ್ಲಿ ಯಾವುದಕ್ಕೆ ರೋಗ ಅಂತ ಕಣ್ಣಿಗೇ ಕಾಣುತ್ತದೆ, ಮೂಲೆ ಎದ್ದಿರುತ್ತದೆ. ಗ್ರಾಹಕರ ಹತ್ತಿರ ಇರುವ 22ರ ಕಥೆ ಬೇರೆ. ಅವನ್ನು ಕ್ಲ್ಯಾಂಪ್ ಹಾಕಿ ಒತ್ತಿ ಅಂಟಿಸಿದ್ದಾರೆ. 1.6 ಮಿ.ಮೀ. ಪ್ಲೇಟು ತಾನೇ, ಕೈಯಲ್ಲಿ ಒತ್ತಿದರೂ ಚಪ್ಪಟೆಯಾಗುತ್ತದೆ. ಫ್ರೇಮಿನ ಮೇಲೆ ಎಲ್ಲವೂ ಸಾಧುವಾಗಿ ಕೂತಿವೆ. ಆದರೆ ತಿರುಚಿಕೊಳ್ಳಬೇಕು ಅನ್ನುವ ಪ್ಲೇಟನ್ನು ಬಲವಂತವಾಗಿ ಚಪ್ಪಟೆ ಹಿಡಿದಿರುವುದು ಆ ಅಂಟು. ಯಂತ್ರ ದಿನಾ ಬಿಸಿಯಾಗಿ ತಣ್ಣಗಾಗುತ್ತಾ ಇದ್ದರೆ ಒಂದು ಮೂಲೆಯಿಂದ ಅಂಟು ಬಿಡಲು ಶುರುವಾಗುತ್ತದೆ. ಯಾವಾಗ ಅಂತ ಹೇಳಲು ಆಗುವುದಿಲ್ಲ.

ಗ್ರಾಹಕರ ಇಂಜಿನಿಯರ್ ಫೋನಿನಲ್ಲಿ ಕೇಳಿದ್ದು ನೇರವಾಗಿ: "ಮೇಡಂ, ಇಪ್ಪತ್ತೆರಡರಲ್ಲಿ ಯಾವುದು ಕೆಟ್ಟದ್ದು ಅಂತ ಹೇಳ್ತೀರಾ, ಇಲ್ಲಾ ಎಲ್ಲಾ ವಾಪಸ್ ಕಳಿಸ್ಲಾ?"

ಕತ್ತರಿಸುವ ಹಾಗಿಲ್ಲ. ಹಿಂದಿನ ಕಡೆ ಕೈ ಹೋಗುವುದಿಲ್ಲ. ಹೊರಗಿನ ನುಣುಪು ಮೈ, ಅಂದರೆ ಅಚ್ಚಿಗೆ ತಾಗಿದ್ದ ಕಡೆ, ಒಂದೇ ನಮಗೆ ಸಿಗುವುದು. ಮೊದಲ ಪದರವನ್ನು ಬೆಳಕಿಗೆ ಹಿಡಿದರೆ ಕಣ್ಣಿಗೆ ಕಾಣುತ್ತದೆ, ಆದರೆ ಬೇಕಾಗಿರುವುದು ಅದರ ಕೆಳಗೆ ಇನ್ನೊಂದು ಪದರ ದಾಟಿ ಇರುವ ಮೂರನೆಯದು. ಆಗ ಎಡ್ಡಿ ಕರೆಂಟ್ ಮಾಡಿ ನೋಡೋಣ ಅಂತ ಹೇಳಿದ್ದು ಅದೇ ಕಾಲೇಜಿನ ಲ್ಯಾಬಿನ ಮೇಷ್ಟ್ರು.

ಎಡ್ಡಿ ಕರೆಂಟ್ ಅಂದರೆ ಸುಳಿ. ಕಾಯಿಲ್‌ನಲ್ಲಿ ಆ ಕಡೆ ಈ ಕಡೆ ಬದಲಾಗುವ ಕರೆಂಟ್ ಹರಿಸಿ ಲೋಹದ ಹತ್ತಿರ ತಂದರೆ, ಲೋಹದೊಳಗೆ ನೀರಿನ ಸುಳಿಯ ಹಾಗೆ ಕರೆಂಟ್ ಸುತ್ತುತ್ತದೆ. ಆ ಸುಳಿ ತನ್ನ ಕಡೆಯಿಂದ ಕಾಯಿಲ್ ಮೇಲೆ ಪರಿಣಾಮ ಮಾಡುತ್ತದೆ. ಅದನ್ನು ಅಳೆದು ಒಳಗೆ ಏನಿದೆ ಅಂತ ಊಹಿಸಬಹುದು. ಹಳೆಯ ವಿದ್ಯೆ. ಫ್ರಾನ್ಸಿನ ಫೂಕೋ ತಾಮ್ರದ ತಟ್ಟೆಯನ್ನು ಅಯಸ್ಕಾಂತದ ನಡುವೆ ತಿರುಗಿಸಿ ಅದು ಬಿಸಿಯಾಗುವುದನ್ನು ತೋರಿಸಿದ್ದು 1855ರಲ್ಲಿ. ಡೇವಿಡ್ ಹ್ಯೂಸ್ ಅನ್ನುವವರು ಇದೇ ತತ್ವದಿಂದ ಬೇರೆ ಬೇರೆ ಲೋಹಗಳನ್ನು ಗುರುತಿಸಿ ತೋರಿಸಿದ್ದು 1879ರಲ್ಲಿ. ವಿಮಾನದ ಅಲ್ಯೂಮಿನಿಯಂನಲ್ಲಿ ಬಿರುಕು ಹುಡುಕಲು ಇವತ್ತಿಗೂ ದಿನಾ ಬಳಸುತ್ತಾರೆ.

ಕಾರ್ಬನ್ ಲೋಹವಲ್ಲ, ಆದರೂ ಕರೆಂಟ್ ಬಿಡುತ್ತದೆ. ನಮ್ಮ ಥರದ ಮಾಮೂಲಿ ಎಳೆಯ ರೋಧ ತಾಮ್ರಕ್ಕಿಂತ ಸುಮಾರು ಸಾವಿರ ಪಟ್ಟು ಜಾಸ್ತಿ. ಸುತ್ತ ಇರುವ ರೆಸಿನ್ ಕರೆಂಟನ್ನು ಬಿಡುವುದೇ ಇಲ್ಲ. ಹಾಗಾಗಿ ಎಳೆಯ ಉದ್ದಕ್ಕೆ ಕರೆಂಟ್ ಸಲೀಸಾಗಿ ಹೋಗುತ್ತದೆ, ಅಡ್ಡಕ್ಕೆ ಒದ್ದಾಡುತ್ತದೆ. ಅಡ್ಡಕ್ಕೆ ಪೂರ್ತಿ ನಿಂತೂ ಹೋಗುವುದಿಲ್ಲ. ರಾಗಿ ಹುಲ್ಲಿನ ಕಂತೆ ನೆನಪು ಮಾಡಿಕೊಳ್ಳಿ. ಕಡ್ಡಿಗಳೆಲ್ಲ ಒಂದೇ ಕಡೆಗೆ ಇದ್ದರೂ ಯಾವುದೂ ನೆಟ್ಟಗಿರುವುದಿಲ್ಲ, ಅಲ್ಲಲ್ಲಿ ಒಂದಕ್ಕೊಂದು ತಾಗಿರುತ್ತವೆ. ಎಳೆಗಳೂ ಹಾಗೆ ತಾಗಿದ ಕಡೆಯಲ್ಲಿ ಕರೆಂಟ್ ಅಡ್ಡ ದಾಟುತ್ತದೆ. ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ನೂರು ಪಟ್ಟಿಗೂ ಜಾಸ್ತಿ. ಅದಕ್ಕೇ ಕಾರ್ಬನ್ ಪದರದಲ್ಲಿ ಸುಳಿ ದುಂಡಗೆ ಇರುವುದಿಲ್ಲ, ಎಳೆಯ ದಿಕ್ಕಿಗೆ ಎಳೆದ ಹಾಗೆ ಉದ್ದವಾಗುತ್ತದೆ. ಈ ಪರೀಕ್ಷೆಯ ಗುಟ್ಟೆಲ್ಲ ಇಷ್ಟೇ. ಸುಳಿ ಯಾವ ಕಡೆ ಉದ್ದವಾಯಿತು ಅಂತ ಗೊತ್ತಾದರೆ ಎಳೆ ಯಾವ ಕಡೆ ಮಲಗಿದೆ ಅಂತ ಗೊತ್ತಾಯಿತು.

ಇನ್ನೊಂದು ಅನುಕೂಲ ಇದೆ. ಲೋಹದಲ್ಲಿ ಸುಳಿ ಆಳಕ್ಕೆ ಹೋಗುವುದಿಲ್ಲ. ಕರೆಂಟ್ ಸೆಕೆಂಡಿಗೆ 60 ಲಕ್ಷ ಸಲ ಆ ಕಡೆ ಈ ಕಡೆ ಆಡುವ 6 ಮೆಗಾಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಒಳಗೆ ಸುಮಾರು 0.035 ಮಿ.ಮೀ.ಗೇ ಅದರ ಬಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಪ್ಲೇಟಿನಂಥದ್ದರಲ್ಲಿ, ವಾಹಕತೆ ಮೀಟರಿಗೆ 10,000 ಸೀಮೆನ್ಸ್ ಅಂತ ಇಟ್ಟುಕೊಂಡರೆ, ಅದೇ ಲೆಕ್ಕಕ್ಕೆ ಸುಮಾರು 2 ಮಿ.ಮೀ. ಬರುತ್ತದೆ. ಅಂದರೆ ಲೆಕ್ಕದ ಪ್ರಕಾರ ಎಂಟೂ ಪದರಕ್ಕೆ ಮುಟ್ಟುತ್ತದೆ. ನಿಜದಲ್ಲಿ ಕಾಯಿಲ್ ಸಣ್ಣದಾದಷ್ಟೂ ಬಲ ಮೇಲ್ಗಡೆಯ ಪದರಗಳಲ್ಲೇ ಖರ್ಚಾಗುತ್ತದೆ. ನಮಗೆ ಬೇಕಾಗಿದ್ದು ಮೂರನೇ ಪದರ, ಅಷ್ಟಕ್ಕೆ ಸಾಕು.

ಕಾಯಿಲ್ ಸುತ್ತಿದ್ದು

ಎನ್‌ಡಿಟಿಯವರ ಹತ್ತಿರ ಎಡ್ಡಿ ಕರೆಂಟ್ ಯಂತ್ರ ಇತ್ತು. ತಂದರು, ಪೆನ್ಸಿಲ್ ಪ್ರೋಬ್ ಇಟ್ಟರು, ಒಳ್ಳೆ ಪ್ಲೇಟು, ಕೆಟ್ಟ ಪ್ಲೇಟು ಎರಡಕ್ಕೂ ಒಂದೇ ಅಂಕಿ ಬಂತು. ಯಾಕೆ ಅಂದರೆ ಆ ಪ್ರೋಬಿನ ಕಾಯಿಲ್ ದುಂಡಗೆ ಮಲಗಿದೆ. ಎಲ್ಲಾ ದಿಕ್ಕಿಗೂ ಸಮವಾಗಿ ಸುಳಿ ಹುಟ್ಟಿಸಿ, ಎಲ್ಲಾ ದಿಕ್ಕಿನ ಸರಾಸರಿ ಹೇಳುತ್ತದೆ. ದಿಕ್ಕು ಕೇಳಬೇಕಾದರೆ ದಿಕ್ಕು ಇರುವ ಕಾಯಿಲ್ ಬೇಕು.

ಮೇಷ್ಟ್ರ ಲ್ಯಾಬಿನಲ್ಲಿ ನಾವೇ ಸುತ್ತಿದೆವು. ಬೆರಳುಗುರಿನಷ್ಟು ಅಗಲದ ಎರಡು ಪ್ಲಾಸ್ಟಿಕ್ ಚೌಕ, ಒಂದೊಂದಕ್ಕೂ ಹನ್ನೆರಡು ಸುತ್ತು ಸಣ್ಣ ತಾಮ್ರದ ತಂತಿ. ಮಲಗಿಸಲಿಲ್ಲ, ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿದೆವು. ನಿಂತ ಕಾಯಿಲ್‌ನ ಕೆಳ ಅಂಚು ಒಂದು ಗೆರೆ ಇದ್ದ ಹಾಗೆ, ಅದರ ಕೆಳಗೆ ಕರೆಂಟ್ ಆ ಗೆರೆಯ ಗುಂಟವೇ ಹರಿಯುತ್ತದೆ. ಒಂದು ಕಾಯಿಲ್ ಕಳಿಸುವುದಕ್ಕೆ, ಪಕ್ಕದ್ದು ಕೇಳಿಸಿಕೊಳ್ಳುವುದಕ್ಕೆ. ಕರೆಂಟ್ ಕಳಿಸುವ ಸಿಗ್ನಲ್ ಜನರೇಟರ್ ಲ್ಯಾಬಿನದು, ಬಂದದ್ದನ್ನು ತೋರಿಸುವ ಆಸಿಲೋಸ್ಕೋಪ್ ಲ್ಯಾಬಿನದು. ಇಡೀ ಜೋಡಿಯನ್ನು ಒಂದು ರಿಂಗಿನಲ್ಲಿ ಕೂರಿಸಿ, ರಿಂಗಿನ ಸುತ್ತ ಕೋನಮಾಪಕದ ಕಾಗದ ಅಂಟಿಸಿದೆವು. 5 ಡಿಗ್ರಿಗೊಂದು ಸಲ ತಿರುಗಿಸುವುದು, ಅಂಕಿ ಬರೆದುಕೊಳ್ಳುವುದು. ಅರ್ಧ ಸುತ್ತಿಗೆ 36 ಅಂಕಿ. ಉಳಿದ ಅರ್ಧ ಅದರದೇ ಮರುಕಳಿ.

ಮೊದಲ ದಿನ ಅಂಕಿಗಳು ಮನಸ್ಸಿಗೆ ಬಂದ ಹಾಗೆ ಕುಣಿದವು. ಕಾಯಿಲ್ಲಿಗೂ ಪ್ಲೇಟಿಗೂ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಅಂಕಿ ಬದಲಾಗುತ್ತದೆ. ಈ ಕೆಲಸದವರು ಇದಕ್ಕೆ ಲಿಫ್ಟ್ ಆಫ್ ಅನ್ನುತ್ತಾರೆ. ರಿಂಗಿನ ತಳಕ್ಕೆ ಟೆಫ್ಲಾನ್ ಟೇಪ್ ಅಂಟಿಸಿ, ಮೇಲೆ ಒಂದು ಸಣ್ಣ ತೂಕ ಇಟ್ಟು ಒಂದೇ ಒತ್ತಡದಲ್ಲಿ ಕೂರುವ ಹಾಗೆ ಮಾಡಿದ ಮೇಲೆ ಸುಮ್ಮನಾಯಿತು.

ಒಳ್ಳೆ ಪ್ಲೇಟಿನ ನುಣುಪು ಕಡೆ ಇಟ್ಟು ತಿರುಗಿಸಿ, 36 ಅಂಕಿಯನ್ನು ದುಂಡು ಗ್ರಾಫಿನಲ್ಲಿ ಹಾಕಿದಾಗ ಹೂವಿನ ದಳಗಳ ಹಾಗೆ ಬಂತು. ಪ್ಲಸ್ 45ರ ದಳ ದೊಡ್ಡದು, ಅದು ಮೇಲಿನ ಪದರ. ಸೊನ್ನೆಯದು ಅದಕ್ಕಿಂತ ಸ್ವಲ್ಪ ಚಿಕ್ಕದು. ಮೈನಸ್ 45ದು ಇನ್ನೂ ಚಿಕ್ಕದು. 90ದು ಮೊಂಡು, ಆದರೆ ಇದೆ.

ಕೆಟ್ಟ ಪ್ಲೇಟು ಇಟ್ಟೆವು. ಅದೇ ಥರ ನಾಲ್ಕೂ ದಳ! ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಚಹಾ ಕುಡಿದು ಬಂದು ಪ್ಲೇಟನ್ನು ಎತ್ತಿ ನೋಡಿದರೆ, ಅದನ್ನು ಒರಟು ಕಡೆ ಮೇಲೆ ಮಾಡಿ ಇಟ್ಟಿದ್ದೆವು. ಆ ಕಡೆಯಿಂದ ನೋಡಿದರೆ ಮೊದಲು ಸಿಗುವುದು ಎಂಟು, ಏಳು, ಆರನೇ ಪದರ. ಅವು ಸರಿಯಾಗೇ ಇವೆ. ಕೆಟ್ಟಿರುವ ಮೂರನೆಯದು ಅತ್ತ ಕೆಳಗೆ.

ತಿರುವಿ ಹಾಕಿ ಮತ್ತೆ ಅಳೆದೆವು. ಮೈನಸ್ 45ರ ದಳ ಇಲ್ಲವೇ ಇಲ್ಲ ಅನ್ನುವಷ್ಟು ಕುಗ್ಗಿತ್ತು. ಆರನೇ ಪದರದಿಂದ ಬಂದ ಒಂದು ಸಣ್ಣ ಉಬ್ಬು ಮಾತ್ರ, ಇದ್ದೂ ಇಲ್ಲದ ಹಾಗೆ. ಪ್ಲಸ್ 45ದು ಮಾತ್ರ ಊದಿಕೊಂಡಿತ್ತು, ಎರಡು ಪದರದ ಪಾಲು ಅದಕ್ಕೇ ಬಂದಿತ್ತಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಗ್ರಾಫ್ ಬರೆಯುತ್ತಿದ್ದ ಹುಡುಗ "ಮೇಡಂ, ಒರಟು ಕಡೆಯಿಂದ ದೊಡ್ಡ ದಳ ಮೈನಸ್ 45ಕ್ಕೆ ಬಂದಿದೆ, ಹಾಗಾದ್ರೆ ಎಂಟನೇ ಪದರಾನೂ ತಪ್ಪಲ್ವಾ?" ಅಂದ. ಅರ್ಧ ಗಂಟೆ ಜಗಳ ಆಡಿದೆವು. ಕೊನೆಗೆ ಮೇಷ್ಟ್ರು ಒಂದು ಹಾಳೆ ತೆಗೆದು, ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ದಪ್ಪ ಗೆರೆ ಎಳೆದು, ಹಾಳೆ ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರು. ಗೆರೆ ಈಗ ಬಲ ಕೆಳಮೂಲೆಯಿಂದ ಎಡ ಮೇಲ್ಮೂಲೆಗೆ. ಹಾಳೆಯನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿದರೆ ಗೆರೆ ಬದಲಾಗುವುದಿಲ್ಲ, ಮಗುಚಿದರೆ ಬದಲಾಗುತ್ತದೆ. ಹಿಂದಿನಿಂದ ನೋಡಿದರೆ ಪ್ಲಸ್ ಮೈನಸ್ ಆಗುತ್ತದೆ. ಎಂಟನೇ ಪದರ ಸರಿಯಾಗೇ ಇತ್ತು, ಓದಿದ ನಾವು ತಪ್ಪು.

ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ. ಅದನ್ನು ನೋಡಿದಾಗಲೇ ಲೇಅಪ್ ಕೋಣೆಯಲ್ಲಿ ಏನಾಗಿರಬೇಕು ಅಂತ ಹೊಳೆದದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಗ್ರಾಹಕರ ಶೆಡ್ಡಿನಲ್ಲಿ ಎರಡು ದಿನ

ಹೋಗುವ ಮೊದಲು ಎರಡು ಹೊಸ ಪ್ಲೇಟು ಮಾಡಿಕೊಂಡೆವು. ಒಂದು ಸರಿಯಾದ್ದು, ಒಂದು ಬೇಕಂತಲೇ ಮೂರನೇ ಪದರ ತಪ್ಪಿಸಿದ್ದು. ಪ್ರತಿ ಬೆಳಿಗ್ಗೆ ಮತ್ತು ಪ್ರತಿ ಐದು ಪ್ಲೇಟಿಗೊಮ್ಮೆ ಇವೆರಡನ್ನೂ ಅಳೆದು ಪ್ರೋಬ್ ನೆಟ್ಟಗಿದೆಯಾ ನೋಡುವುದು. ಇದಿಲ್ಲದೆ ಹೋಗಿದ್ದರೆ ನಮ್ಮ ಅಂಕಿಗೆ ಮೂರು ಕಾಸಿನ ಬೆಲೆಯೂ ಇರುತ್ತಿರಲಿಲ್ಲ.

ಅಲ್ಲಿ ಅಲ್ಯೂಮಿನಿಯಂ ಕಾಟ. ಫ್ರೇಮ್ ಅಂಚಿನಲ್ಲಿ ಮಾತ್ರ ಇದೆ, ನಡುವೆ ಖಾಲಿ ಅಂತ ಡ್ರಾಯಿಂಗ್ ಹೇಳುತ್ತಿತ್ತು. ಖಾಲಿ ಜಾಗದಲ್ಲೇ ರಿಂಗ್ ಇಟ್ಟೆವು. ನಾಲ್ಕನೇ ಪ್ಲೇಟಿನಲ್ಲಿ ದಳಗಳೇ ಮಾಯವಾಗಿ ಗ್ರಾಫ್ ಇಡ್ಲಿ ತಟ್ಟೆಯ ಹಾಗೆ ದುಂಡಗಾಯಿತು. ವಿಚಾರಿಸಿದರೆ, ಆ ಮಾದರಿಗೆ ಮಧ್ಯದಲ್ಲೂ ಒಂದು ಅಲ್ಯೂಮಿನಿಯಂ ಪಟ್ಟಿ ಸೇರಿಸಿದ್ದಾರೆ, ಡ್ರಾಯಿಂಗಿಗೆ ಇನ್ನೂ ಬಂದಿಲ್ಲ! ಕಾರ್ಬನ್ ದಾಟಿ ಹೋದ ಬಲ ಆ ಪಟ್ಟಿಗೆ ತಾಗಿ, ಅಲ್ಲಿ ದಿಕ್ಕಿಲ್ಲದ ದುಂಡು ಸುಳಿ ಎದ್ದು ಎಲ್ಲವನ್ನೂ ಮುಳುಗಿಸಿತ್ತು. ರಿಂಗನ್ನು ಪಕ್ಕಕ್ಕೆ ಸರಿಸಿದ ಮೇಲೆ ದಳಗಳು ವಾಪಸ್ ಬಂದವು. (ಅಂದ ಹಾಗೆ, ಕಾರ್ಬನ್ನನ್ನು ಅಲ್ಯೂಮಿನಿಯಂಗೆ ನೇರ ತಾಗಿಸಿದರೆ ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ಒಂದು ತೆಳು ಗಾಜಿನ ಬಟ್ಟೆ ಹಾಕಿ ಅಂಟಿಸಬೇಕು. ಅವರು ಹಾಕಿದ್ದರು.)

ಹದಿನೈದನೆಯದರಲ್ಲಿ ಎಲ್ಲಾ ದಳಗಳೂ 4-5 ಡಿಗ್ರಿ ಸರಿದಿದ್ದವು. ಎದೆ ಧಸಕ್ ಅಂತು. ಪದರ ಓರೆಯಾದರೆ ಅದು ಚಿಲ್ಲರೆ ತಪ್ಪಲ್ಲ. ಒಂದೇ ದಿಕ್ಕಿನ ಎಳೆಯ ಮಾಮೂಲಿ ಕಾರ್ಬನ್ನಿಗೆ ಲೆಕ್ಕ ಹಾಕಿದರೆ, 5 ಡಿಗ್ರಿ ಓರೆಗೆ ಬಿಗಿತದಲ್ಲಿ ಸುಮಾರು ಶೇ. 15 ಹೋಗುತ್ತದೆ, 10 ಡಿಗ್ರಿಗೆ ಶೇ. 40ರಷ್ಟು. ಆದರೆ ಒಂದು ಪದರ ಓರೆಯಾಗಿದ್ದರೆ ಒಂದೇ ದಳ ಸರಿಯಬೇಕು, ಎಲ್ಲಾ ಒಟ್ಟಿಗೆ ಸರಿದರೆ ರಿಂಗ್ ಓರೆಯಾಗಿ ಕೂತಿದೆ ಅಂತ ಅರ್ಥ. ಪ್ಲೇಟಿನ ಅಂಚಿಗೆ ಮಟ್ಟಗೋಲು ಇಟ್ಟು ಮತ್ತೆ ಕೂರಿಸಿದೆವು, ಸರಿಹೋಯಿತು.

22ರಲ್ಲಿ 4ಕ್ಕೆ ಮೈನಸ್ 45ರ ದಳ ಇರಲಿಲ್ಲ. ಉಳಿದ 18 ಸರಿ. ಗ್ರಾಹಕರ ಇಂಜಿನಿಯರಿಗೆ ಗ್ರಾಫಿನ ಮೇಲೆ ನಂಬಿಕೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಹೇಗೂ ರಿಜೆಕ್ಟ್ ಆಗುವುದು ಅಂತ ನಾಲ್ಕರಲ್ಲಿ ಒಂದನ್ನು ಅಲ್ಲೇ ಮೂಲೆಯ ಕಡೆಗೆ ಕೊಯ್ಯಿಸಿದರು. ನಯಮಾಡಿ ನೋಡಿದಾಗ ಮೂರನೇ ಪದರ ಗೆರೆ. ಸರಿಯಿದೆ ಅಂದದ್ದರಲ್ಲೂ ಒಂದನ್ನು ಕೊಯ್ಯೋಣ ಅಂತ ನಾನೇ ಕೇಳಿದೆ. "ಒಳ್ಳೇದನ್ನ ಯಾಕ್ ಹಾಳು ಮಾಡ್ತೀರಾ ಮೇಡಂ" ಅಂದರು. ವಾಪಸ್ ಬಂದು ನಮ್ಮ ರ‍್ಯಾಕಿನ ಚಪ್ಪಟೆ ಪ್ಲೇಟು ಒಂದನ್ನು ಅಳೆದು, ಕೊಯ್ದು, ಫೋಟೋ ಕಳಿಸಿದೆ. ಮೂರನೇ ಪದರ ಚುಕ್ಕೆ.

ನಾವು ಮಾಡಿದ್ದು ಒಂದು ಜಾಗದಲ್ಲಿ ಕೂರಿಸಿ ತಿರುಗಿಸುವ ಕೈಕೆಲಸ. ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿರುವ ಜರ್ಮನಿಯ ಡ್ರೆಸ್ಡೆನ್‌ನ ಫ್ರೌನ್‌ಹೋಫರ್ ಸಂಸ್ಥೆಯಂಥ ಕಡೆ, ಸಣ್ಣ ಪ್ರೋಬನ್ನು ಉಳುಮೆಯ ಸಾಲಿನ ಹಾಗೆ ಇಡೀ ಹಾಳೆಯ ಮೇಲೆ ಓಡಿಸಿ ಚಿತ್ರವನ್ನೇ ತೆಗೆಯುತ್ತಾರೆ. ಎಳೆಗಳ ಗೊಂಚಲು, ನಡುವಿನ ಸಂದು, ಒಳಪದರದ ಸುಕ್ಕು ಸಮೇತ ಕಾಣುತ್ತದೆ. ಆ ಚಿತ್ರವನ್ನು ಗಣಿತದಲ್ಲಿ ಬಿಡಿಸಿದರೆ ಪ್ರತಿ ದಿಕ್ಕಿಗೂ ಒಂದೊಂದು ಹೊಳೆಯುವ ಗೆರೆ ಸಿಗುತ್ತದೆ. ನಮ್ಮ 5 ಡಿಗ್ರಿಯ ಹೆಜ್ಜೆಗೆ 2 ಡಿಗ್ರಿಯ ಓರೆ ಸಿಗುವುದಿಲ್ಲ. ಆರನೇ ಪದರ ತಪ್ಪಿದ್ದರೆ ಹೊರಗಿನಿಂದ ಹಿಡಿಯುತ್ತಿದ್ದೆವಾ ಅಂದರೆ, ಧೈರ್ಯವಾಗಿ ಹೌದು ಅನ್ನಲಾರೆ. ವರದಿಯಲ್ಲೂ ಹಾಗೇ ಬರೆದೆ: "ಮೂರನೇ ಪದರದ ದಿಕ್ಕಿಗೆ ಮಾತ್ರ ಈ ಪರೀಕ್ಷೆ."

ಲೇಅಪ್ ಕೋಣೆ

ಇನ್ನು ಆ ಮಗುಚಿದ ಹಾಳೆಯ ವಿಷಯ. ನಾಲ್ಕು 45ರ ಪದರಗಳನ್ನೂ ನಾವು ಪ್ಲಸ್ 45ಕ್ಕೇ ಕತ್ತರಿಸುತ್ತಿದ್ದೆವು. ಒಂದೇ ಸೆಟ್ಟಿಂಗಿನಲ್ಲಿ ಕೆಲಸ ಮುಗಿಯುತ್ತದೆ, ರೋಲಿನ ಕೊನೆಯ ತ್ರಿಕೋನದ ಚೂರು ಒಂದೇ ಕಡೆ ವೇಸ್ಟ್ ಆಗುತ್ತದೆ. ಮೈನಸ್ 45 ಬೇಕಾದಾಗ ತುಂಡನ್ನು ಮಗುಚಿ ಹಾಕುವುದು. ಆಯತದ ತುಂಡು, ಮಗುಚಿದರೂ ಅಳತೆ ಅದೇ. ಮಗುಚದಿದ್ದರೂ ಅದೇ.

ಲೇಅಪ್ ಕೋಣೆಯಲ್ಲಿ ಶುರುವಿನಿಂದ ಇರುವ, ಬೆಳ್ಳಾವಿ ಕಡೆಯ ಒಬ್ಬರು ಅಕ್ಕ ಇದ್ದಾರೆ. ಒಂದು ಪ್ಲೇಟು ಹಾಕಿ ತೋರಿಸಿ ಅಂದೆ. ಪ್ರಿಪ್ರೆಗ್ ತುಂಡಿಗೆ ಒಂದು ಕಡೆ ಕಾಗದ, ಇನ್ನೊಂದು ಕಡೆ ನೀಲಿ ಪಾಲಿಥಿನ್ ಅಂಟಿರುತ್ತದೆ. ಮೊದಲ ಪದರಕ್ಕೆ ಪಾಲಿಥಿನ್ ಕಿತ್ತರು, ತುಂಡು ಕೂರಿಸಿದರು, ರೋಲರ್ ಎಳೆದರು, ಮೇಲಿನ ಕಾಗದ ಕಿತ್ತರು. ಎರಡನೆಯದಕ್ಕೂ ಹಾಗೇ. ಆಮೇಲೆ ಗಾಳಿ ತೆಗೆಯಲು ಹತ್ತು ನಿಮಿಷ ವ್ಯಾಕ್ಯೂಮ್. ಮೂರನೆಯದಕ್ಕೆ ಉಲ್ಟಾ ಮಾಡಬೇಕು, ಮೊದಲು ಕಾಗದ ಕೀಳಬೇಕು. ಅಕ್ಕ ತುಂಡಿನ ಮೂಲೆಗೆ ಉಗುರು ಹಾಕಿದರು. ಒಂದು ಸಲ, ಎರಡು ಸಲ. ಬರಲಿಲ್ಲ. ಮೂರನೇ ಸಲಕ್ಕೆ ಬಂತು.

"ಕಾಗ್ದ ಬರಾದು ಕಷ್ಟ ಮೇಡಂ. ಪಾಲಿಥಿನ್ ಆದ್ರೆ ಹಿಂಗಂದ್ರೆ ಬಂದ್ಬಿಡ್ತದೆ. ಕೈ ತಾನೇ ಅತ್ಲಾಗೆ ಹೋಯ್ತದೆ."

ಮೂರನೆಯದೇ ಯಾಕೆ, ಆರನೆಯದು ಯಾಕಲ್ಲ? ವ್ಯಾಕ್ಯೂಮ್ ಹಾಕಿದ ಆ ಹತ್ತು ನಿಮಿಷಕ್ಕೆ ಚಹಾ ಬ್ರೇಕ್. ಜಾಸ್ತಿ ಕೆಲಸ ಇದ್ದ ಆ ಎರಡು ದಿನ, ಬ್ರೇಕ್ ಆದ ಮೇಲೆ ಮೇಜಿಗೆ ಬರುತ್ತಿದ್ದದ್ದು ಹೊಸದಾಗಿ ಸೇರಿದ ಹುಡುಗಿ. ಅವಳ ಪಾಲಿಗೆ ಮೂರನೇ ಪದರವೇ ಮೊದಲನೆಯದು. ಕೈ ಮೊದಲ ಪದರದ ಅಭ್ಯಾಸದಂತೆ ಪಾಲಿಥಿನ್ ಕಡೆಗೇ ಹೋಗಿದೆ. ಜಾಬ್ ಕಾರ್ಡಿನಲ್ಲಿ "ಮೂರನೇ ಪದರ, ಮೈನಸ್ 45" ಅಂತ ಇದೆ, ಅದರ ಮುಂದೆ ಟಿಕ್ ಇದೆ. ಅವಳು ಸುಳ್ಳು ಹಾಕಿದ್ದಲ್ಲ. 45ರ ತುಂಡನ್ನು ಹಾಕಿದ್ದಳು, ಟಿಕ್ ಹಾಕಿದಳು. ಮಗುಚಬೇಕು ಅನ್ನುವ ಮಾತು ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲ. ಅದು ಅಕ್ಕನ ಕೈಯಲ್ಲಿತ್ತು, ನನ್ನ ತಲೆಯಲ್ಲಿತ್ತು. ಒಂದೇ ಕಡೆಗೆ ಕತ್ತರಿಸಿ ಮಗುಚುವ ಪದ್ಧತಿಗೆ ಸಹಿ ಹಾಕಿದ್ದು ನಾನೇ. ಮಾಲೀಕರಿಗೆ ಕೊಟ್ಟ ವರದಿಯಲ್ಲಿ ಹುಡುಗಿಯ ಹೆಸರು ಬರೆಯಲಿಲ್ಲ. ಅವರು ಕೇಳಿದರು, ಆಗಲೂ ಹೇಳಲಿಲ್ಲ.

ಈಗ ಪ್ಲಸ್ ಬೇರೆ, ಮೈನಸ್ ಬೇರೆ ಕತ್ತರಿಸುತ್ತೇವೆ. ಎಲ್ಲಾ ತುಂಡಿಗೂ ಕಾಗದ ಯಾವಾಗಲೂ ಮೇಲೆ. ಜೊತೆಗೆ ಪ್ರತಿ ತುಂಡಿನ ಬಲ ಮೇಲ್ಮೂಲೆಯನ್ನು ಸಿಮ್ ಕಾರ್ಡಿನ ಹಾಗೆ ಸ್ವಲ್ಪ ಕತ್ತರಿಸಿಬಿಡುತ್ತೇವೆ. ಬೆಂದ ಮೇಲೆ ಅಂಚು ಹೇಗೂ ಟ್ರಿಮ್ ಆಗುತ್ತದೆ, ಆ ಮೂಲೆ ಅದರಲ್ಲೇ ಹೋಗುತ್ತದೆ. ಎಂಟು ತುಂಡು ಒಂದರ ಮೇಲೊಂದು ಕೂತಾಗ ಎಂಟೂ ಮೂಲೆ ಒಂದೇ ಕಡೆ ಖಾಲಿ ಇರಬೇಕು. ವೇಸ್ಟ್ ಸ್ವಲ್ಪ ಜಾಸ್ತಿಯಾಗಿದೆ. ಮಾಲೀಕರು ತಿಂಗಳಿಗೊಮ್ಮೆ ಅದರ ಲೆಕ್ಕ ಕೇಳುತ್ತಾರೆ, ನಾನು ಕೆಟ್ಟ 9 ಪ್ಲೇಟಿನ ಲೆಕ್ಕ ಮುಂದಿಡುತ್ತೇನೆ.

ರಿಂಗ್ ಪ್ರೋಬ್ ಈಗ ನಮ್ಮ ಇನ್‌ಸ್ಪೆಕ್ಷನ್ ಮೇಜಿನ ಮೇಲೇ ಇದೆ. ಮೇಷ್ಟ್ರು ಜನರೇಟರ್ ವಾಪಸ್ ಕೇಳಿದ್ದರಿಂದ ಒಂದು ಹಳೆಯದನ್ನು ಕೊಂಡೆವು. ಪ್ರತಿ ಬ್ಯಾಚಿನಲ್ಲಿ ಮೂರು ಪ್ಲೇಟು, ಎರಡೂ ಕಡೆಯಿಂದ. ಗ್ರಾಫ್ ಹಾಳೆಯ ತಲೆಯ ಮೇಲೆ ಯಾವ ಕಡೆ ಅಂತ ಮೊದಲು ಬರೆದೇ ಅಳತೆ ಶುರು: ನುಣುಪು, ಅಥವಾ ಒರಟು.